ಕಿರಿದರಲ್ಲಿ ಹಿರಿಯ ಕಲ್ಪನೆ

ವೈಜ್ಞಾನಿಕ ಕಿರುಗತೆಗೆ ಒಂದೇ ಊಹೆ ಸಾಕು. ಅದರ ಪರಿಣಾಮಗಳು ಮಾತ್ರ ತರ್ಕಕ್ಕೆ ಒಪ್ಪಬೇಕು. 1896ರಲ್ಲಿ ಕಲಕತ್ತೆಯ ‘ಕುಂತಲೀನ’ ತಲೆಯೆಣ್ಣೆಯ ತಯಾರಕರು ಕಥಾಸ್ಪರ್ಧೆಯೊಂದನ್ನು ಏರ್ಪಡಿಸಿದ್ದರು. ಅದರಲ್ಲಿ ಬಹುಮಾನ ಪಡೆದವರು ಕಥೆಗಾರರಲ್ಲ, ವಿಜ್ಞಾನಿ ಜಗದೀಶಚಂದ್ರ ಬೋಸರು. ಕಡಲಿಗೆ ಸುರಿದ ಒಂದು ಸೀಸೆ ಎಣ್ಣೆಯಿಂದ ಚಂಡಮಾರುತವೇ ಅಡಗಿತೆಂಬುದು ಆ ಕಥೆಯ ವಸ್ತು. ಎಣ್ಣೆಯ ಪದರವು ಅಲೆಗಳನ್ನು ತಗ್ಗಿಸುವುದು ನಿಜ, ಉಳಿದುದು ಕಲ್ಪನೆ. ಕನ್ನಡದಲ್ಲಿ ಈ ಪ್ರಕಾರವನ್ನು ಬೆಳೆಸಿದವರಲ್ಲಿ ರಾಜಶೇಖರ ಭೂಸನೂರಮಠರು ಪ್ರಮುಖರು.

ವಳಕಮದಿನ್ನಿಯ ವಿದ್ಯಾರ್ಥಿಗೂ ವಸ್ತು ದೂರವಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯು ಒಂದು ದಿನ ಹಿಮ್ಮುಖವಾಗಿ ಹರಿದರೆ? ಸದಾ ನೀರಿಗಾಗಿ ಕಾಯುವ ಕೊನೆಭಾಗದ ರೈತನೇ ಅಂದು ಮೊದಲಿಗನಾಗುವನು. ಮೇಲ್ಭಾಗದವನು ಕಾಯುವುದನ್ನು ಕಲಿಯುವನು. ಹತ್ತು ಸಾಲಿನಲ್ಲಿ ಇಷ್ಟನ್ನು ಬರೆದ ಬಾಲಕನು ವಿಜ್ಞಾನದೊಡನೆ ನ್ಯಾಯವನ್ನೂ ಅರಿತಂತೆ.