ಮೊದಲು ದುರ್ಬೀನು, ಆಮೇಲೆ ಬಂದೂಕು

ಊರಿನಲ್ಲಿ ಜಿಂಕೆ ಬೇಟೆ ಎಂದರೆ ಜೈಲು. ಇಲ್ಲಿ ಹೊಕ್ಕೈಡೊದಲ್ಲಿ ಅದು ಸರಕಾರವೇ ಪ್ರೋತ್ಸಾಹಿಸುವ ಕೆಲಸ. ತೋಳಗಳು ಅಳಿದು ನೂರು ವರ್ಷ ದಾಟಿತು. ಎಜೊ ಜಿಂಕೆಗಳು ಹೊಲ, ಕಾಡು ಎರಡನ್ನೂ ಮೇಯುತ್ತಿವೆ.

ನನಗೆ ಬಂದೂಕಿನ ಪರವಾನಗಿ ಇಲ್ಲ. ಅದಕ್ಕೆ ಪರೀಕ್ಷೆ, ಪೊಲೀಸ್ ವಿಚಾರಣೆ ಎಲ್ಲ ಉಂಟು; ರೈಫಲ್ ಬೇಕೆಂದರೆ ಸಾಮಾನ್ಯವಾಗಿ ಮೊದಲು 10 ವರ್ಷ ಶಾಟ್‌ಗನ್ ಇಟ್ಟುಕೊಂಡಿರಬೇಕು. ಪಕ್ಕದ ಮನೆಯ ಒಜೀಸಾನ್, ಅಂದರೆ ನಮ್ಮ ಅಜ್ಜ, ಬೇಟೆಗೆ ಹೊರಟಾಗ ದುರ್ಬೀನು ಹಿಡಿದು ಜೊತೆಗೆ ಹೋಗುವವನು ನಾನು.

ಅಂಗಡಿಯಲ್ಲಿ 10×42 ತೋರಿಸಿದರು. ಅಜ್ಜ 8×42 ಸಾಕೆಂದರು. ಹೆಚ್ಚು ಹಿಗ್ಗಿಸಿದರೆ ಕೈನಡುಕವೂ ಹಿಗ್ಗುತ್ತದೆ. 42ನ್ನು 8ರಿಂದ ಭಾಗಿಸಿ: ಕಣ್ಣಿಗೆ ತಲುಪುವ ಬೆಳಕಿನ ವೃತ್ತ 5 ಮಿ.ಮೀ.ಗೂ ಹೆಚ್ಚು, 10ರಿಂದಾದರೆ 4 ಮಾತ್ರ. ಮುಂಜಾನೆಯ ಮಬ್ಬಿನಲ್ಲಿ ಆ ವ್ಯತ್ಯಾಸ ದೊಡ್ಡದು.

ಬಂದೂಕಿನ ಸ್ಕೋಪ್ ಹುಡುಕಲಿಕ್ಕಲ್ಲ ಎಂಬುದು ಅಜ್ಜನ ಕಟ್ಟುನಿಟ್ಟು. ಅದರಲ್ಲಿ ನೋಡಿದ್ದರ ಕಡೆಗೇ ನಳಿಗೆಯೂ ತಿರುಗಿರುತ್ತದಲ್ಲ! ಒಂದು ಅಕ್ಟೋಬರ್ ಬೆಳಿಗ್ಗೆ ಕುಳ್ಳ ಬಿದಿರಿನ ನಡುವೆ ಕಂದು ಬಣ್ಣದ್ದೇನೋ ಅಲ್ಲಾಡಿತು. ಅಜ್ಜ ಬಂದೂಕು ಎತ್ತಲಿಲ್ಲ, "ನೋಡು" ಎಂದರು. ದುರ್ಬೀನಿನಲ್ಲಿ ಕಂಡದ್ದು ಅಣಬೆ ಆರಿಸುತ್ತಿದ್ದ ಮುದುಕಿ, ಕಂದು ಕೋಟು ತೊಟ್ಟವಳು. ನನ್ನ ಕೈ ತಣ್ಣಗಾಯಿತು.

ಗುಂಡಿನ ವಿಷಯವೂ ಇದೆ. ಬಿಟ್ಟುಹೋದ ಜಿಂಕೆಯ ಮಾಂಸದೊಂದಿಗೆ ಸೀಸ ನುಂಗಿ ಹದ್ದುಗಳು ಸಾಯುತ್ತಿದ್ದುದರಿಂದ 2000ದಲ್ಲಿ ಇಲ್ಲಿ ಜಿಂಕೆ ಬೇಟೆಗೆ ಸೀಸದ ರೈಫಲ್ ಗುಂಡು ನಿಷೇಧವಾಯಿತು. ಅಜ್ಜನದು ತಾಮ್ರದ್ದು, ದುಬಾರಿ.

ಚಳಿಯಿಂದ ಮನೆಗೆ ಬಂದೊಡನೆ ದುರ್ಬೀನನ್ನು ಚೀಲದಿಂದ ತೆಗೆಯಬೇಡಿ, ಗಾಜಿನ ಮೇಲೆ ಹನಿ ಕಟ್ಟುತ್ತದೆ. ಬೇಟೆಯ ಕಾಲ ಸಾಮಾನ್ಯವಾಗಿ ಅಕ್ಟೋಬರ್‌ನಿಂದ ಜನವರಿ. ಆಗ ಮಕ್ಕಳೊಂದಿಗೆ ಕಾಡಂಚಿಗೆ ಹೋಗುವವರು ಎಲ್ಲರಿಗೂ ಕಿತ್ತಳೆ ಬಣ್ಣದ ಅಂಗಿ ತೊಡಿಸಿ.