ಎರಡನೆಯ ಹೆಲಿಕಾಪ್ಟರ್

ಆಟಿಕೆ ಅಂಗಡಿಯ ಅಂಗೈಯಗಲದ ಹೆಲಿಕಾಪ್ಟರ್ ಹಾರಿಸಲು ಯಾರೂ ಕಲಿಸಿಕೊಡಬೇಕಾಗಿಲ್ಲ. ಒಂದರ ಮೇಲೊಂದು ಕೂತ ಎರಡು ರೋಟರ್‌ಗಳು ಎದುರುಬದುರು ತಿರುಗುತ್ತ ಅದನ್ನು ನೆಟ್ಟಗೆ ನಿಲ್ಲಿಸುತ್ತವೆ. ದಿಕ್ಕಿನ ಸ್ಟಿಕ್ಕಿನಿಂದ ಕೈ ತೆಗೆದರೂ ತೇಲುತ್ತಿರುತ್ತದೆ, ಸೋಫಾಕ್ಕೆ ಬಡಿದು ಬಿದ್ದರೆ ಎತ್ತಿ ಮತ್ತೆ ಬಿಟ್ಟರಾಯಿತು. ಕೆಲವು ತಿಂಗಳು ಹೀಗೆ ಹಾಲ್‌ನಲ್ಲಿ ಹಾರಿಸಿ ಕೈ ಪಳಗಿತು ಅನ್ನಿಸಿದವರಿಗೆ ಮುಂದಿನ ಆಸೆ ಸಹಜ. ಬಯಲಲ್ಲಿ ಹಾರುವ, ಗಾಳಿ ಸೀಳುವ ಸದ್ದು ಮಾಡುವ, ದಾರಿಹೋಕರು ನಿಂತು ನೋಡುವಂಥ ದೊಡ್ಡದೊಂದು ಬೇಕು. ಈ ಹವ್ಯಾಸದಲ್ಲಿ ಕೈ ಸುಟ್ಟುಕೊಳ್ಳುವವರು ಬಹುತೇಕ ಸುಟ್ಟುಕೊಳ್ಳುವುದು ಈ ಎರಡನೆಯ ಖರೀದಿಯಲ್ಲೇ.

ಯಾಕೆಂದರೆ ಇಲ್ಲಿ ಗಾತ್ರದ ಜೊತೆಗೆ ಜಾತಿಯೂ ಬದಲಾಗುತ್ತದೆ. ಆಟಿಕೆಯಲ್ಲಿ ಬ್ಲೇಡಿನ ಓರೆ ಸ್ಥಿರ. ಮೇಲೇರಲು ಮೋಟರ್ ಜೋರಾಗಿ ತಿರುಗಬೇಕು, ಇಳಿಯಲು ನಿಧಾನವಾಗಬೇಕು. ದೊಡ್ಡವೆಲ್ಲ ಕಲೆಕ್ಟಿವ್ ಪಿಚ್ ಜಾತಿಯವು, ಹವ್ಯಾಸಿಗಳ ಬಾಯಲ್ಲಿ ‘ಸಿ.ಪಿ.’. ಅವುಗಳಲ್ಲಿ ರೋಟರ್ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ತಿರುಗುತ್ತಿರುತ್ತದೆ, ಬದಲಾಗುವುದು ಬ್ಲೇಡಿನ ಓರೆ. ಬೆಂಗಳೂರಿನ ಎಚ್‌ಎಎಲ್ ಕಟ್ಟುವ ಧ್ರುವ್ ಹಾರುವುದೂ ಇದೇ ತತ್ವದ ಮೇಲೆ. ರೋಟರ್ ಕೆಳಗಿರುವ ಸ್ವಾಶ್‌ಪ್ಲೇಟ್ ಎಂಬ ತಟ್ಟೆಯನ್ನು ಮೂರು ಸರ್ವೋ ಮೋಟರ್‌ಗಳು ಸಾಮಾನ್ಯವಾಗಿ 120 ಡಿಗ್ರಿ ಅಂತರದಲ್ಲಿ ಹಿಡಿದಿರುತ್ತವೆ. ಮೂರೂ ಒಟ್ಟಿಗೆ ಎತ್ತಿದರೆ ಹೆಲಿ ಮೇಲಕ್ಕೇರುತ್ತದೆ, ತಟ್ಟೆ ವಾಲಿದರೆ ವಾಲಿದತ್ತ ಸಾಗುತ್ತದೆ. ಓರೆ ಸೊನ್ನೆಗಿಂತ ಕೆಳಗೂ ಇಳಿಯುವುದರಿಂದ ಪಳಗಿದವರು ಅದನ್ನು ತಲೆಕೆಳಗಾಗಿ ನಿಲ್ಲಿಸುತ್ತಾರೆ. ಇಷ್ಟು ಚುರುಕಿಗೆ ತೆರಬೇಕಾದ ಬೆಲೆಯೂ ಇದೆ. ಸಿ.ಪಿ. ಹೆಲಿಯನ್ನು ಒಂದೇ ಕಡೆ ನಿಲ್ಲಿಸುವುದು ಗೋಲಿಯ ಮೇಲೆ ಗೋಲಿ ನಿಲ್ಲಿಸಿದ ಹಾಗೆ. ಬೆರಳುಗಳು ಒಂದು ಕ್ಷಣವೂ ಸುಮ್ಮನಿರುವಂತಿಲ್ಲ. ಜಿಪಿಎಸ್ ಹಿಡಿದು ತಾನೇ ನಿಲ್ಲುವ ಕ್ಯಾಮೆರಾ ಡ್ರೋನ್ ಹಾರಿಸಿ ಬಂದವರಿಗೆ ಆ ಅನುಭವ ಇಲ್ಲಿ ಯಾವ ಉಪಯೋಗಕ್ಕೂ ಬರುವುದಿಲ್ಲ ಎಂದರೆ ಬೇಸರವಾಗಬಹುದು, ಆದರೆ ಸಂಗತಿ ಹಾಗೇ ಇದೆ.

ಹಿಂದೆ ಇದು ಇನ್ನೂ ಕಷ್ಟವಿತ್ತು. ರಿಮೋಟ್ ವಿಮಾನಗಳು ಸಲೀಸಾಗಿ ಹಾರುತ್ತಿದ್ದ ಎಷ್ಟೋ ವರ್ಷಗಳ ನಂತರವೂ ಹೆಲಿಕಾಪ್ಟರ್ ಯಾರ ಕೈಗೂ ಬಗ್ಗಿರಲಿಲ್ಲ. ಜರ್ಮನಿಯ ಡೀಟರ್ ಶ್ಲೂಟರ್ 1970ರ ಸುಮಾರಿಗೆ ಅದನ್ನು ನಿಯಂತ್ರಣಕ್ಕೆ ತಂದು, ಆಮೇಲೆ ಕಿಟ್ ರೂಪದಲ್ಲಿ ಮಾರುಕಟ್ಟೆಗೂ ಬಿಟ್ಟರು. ಮುಖ್ಯ ಬ್ಲೇಡುಗಳಿಗೆ ಅಡ್ಡಲಾಗಿ, ತುದಿಯಲ್ಲಿ ಪುಟ್ಟ ಹುಟ್ಟುಗಳಿರುವ ಒಂದು ಕಡ್ಡಿ ಹೆಲಿಯನ್ನು ಸ್ಥಿರಗೊಳಿಸುತ್ತಿತ್ತು. ಆ ಫ್ಲೈಬಾರ್ ನಾಲ್ಕು ದಶಕ ಆಳಿತು. 2010ರ ಆಸುಪಾಸಿನಲ್ಲಿ ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಎಲೆಕ್ಟ್ರಾನಿಕ್ ಗೈರೋ ಅದರ ಕೆಲಸ ವಹಿಸಿಕೊಂಡಿತು. ಈಗಿನ ಕೆಲವು ಗೈರೋಗಳಲ್ಲಿ ‘ರೆಸ್ಕ್ಯೂ’ ಸೌಲಭ್ಯವೂ ಇದೆ. ದಿಕ್ಕು ತಪ್ಪಿ ಗಾಬರಿಯಾದಾಗ ಒಂದು ಸ್ವಿಚ್ ಒತ್ತಿದರೆ ಹೆಲಿ ತಾನಾಗಿ ನೆಟ್ಟಗಾಗಿ ಮೇಲೇರುತ್ತದೆ. ಹಳಬರು ಇದನ್ನು ಕಂಡು ಮೂಗು ಮುರಿಯುವುದುಂಟು. ಹೊಸಬರು ಆ ಮಾತಿಗೆ ಕಿವಿಗೊಡದೆ ರೆಸ್ಕ್ಯೂ ಇರುವುದನ್ನೇ ಕೊಳ್ಳಲಿ.

ಇನ್ನು ಡಬ್ಬಿಯ ಮೇಲಿನ ಸಂಖ್ಯೆಗಳು. 550, 600, 700 ಎಂದರೆ ಸುಮಾರಾಗಿ ಒಂದೊಂದು ಬ್ಲೇಡಿನ ಉದ್ದ, ಮಿಲಿಮೀಟರುಗಳಲ್ಲಿ. ತೈವಾನಿನ ಅಲೈನ್ ಕಂಪನಿಯ ಟಿ-ರೆಕ್ಸ್‌ನಿಂದ ಮನೆಮಾತಾದ 450 ಮಾತ್ರ ಈ ಲೆಕ್ಕಕ್ಕೆ ಸಿಗದು. ಅದರ ಬ್ಲೇಡು 325 ಮಿ.ಮೀ., 500ರದ್ದು 425. ತೂಕದಲ್ಲಿ 450 ಒಂದು ಕಿಲೋದೊಳಗೆ, 500 ಎರಡು ಕಿಲೋದೊಳಗೆ, 600 ಮೂರೂವರೆ ಕಿಲೋ ಆಚೀಚೆ, 700 ಐದು ಕಿಲೋ ಹತ್ತಿರ. ರೋಟರಿನ ಅಗಲ ಎರಡು ಪಟ್ಟಾಗುವಷ್ಟರಲ್ಲಿ ತೂಕ ಐದಾರು ಪಟ್ಟಾಗಿರುತ್ತದೆ. ಗಾತ್ರದ ಬಗ್ಗೆ ಮುಂದೆ ಬರುವ ಒಳ್ಳೆಯದು, ಕೆಟ್ಟದ್ದು ಎರಡಕ್ಕೂ ಬೇರು ಈ ಲೆಕ್ಕದಲ್ಲಿದೆ.

ಒಳ್ಳೆಯದನ್ನು ಮೊದಲು ಹೇಳಬೇಕು, ಏಕೆಂದರೆ ದೊಡ್ಡದು ನಿಜಕ್ಕೂ ಹಾರಿಸಲು ಸುಲಭ. ಅಂಗೈಯಗಲದ ಸಿ.ಪಿ. ಹೆಲಿ ಫ್ಯಾನಿನ ಗಾಳಿಗೂ ಬೆದರುತ್ತದೆ, ಕಣ್ಣು ಮಿಟುಕಿಸುವಷ್ಟರಲ್ಲಿ ಮಗುಚುತ್ತದೆ. 600ರದ್ದು ಅದೇ ಗಾಳಿಯಲ್ಲಿ ಗಂಭೀರವಾಗಿ ನಿಂತಿರುತ್ತದೆ, ವಾಲುವ ಮೊದಲು ವಾಲುತ್ತೇನೆಂದು ತಿಳಿಸುತ್ತದೆ. ಐವತ್ತು ಮೀಟರ್ ದೂರದಲ್ಲೂ ಮೂತಿ ಯಾವ ಕಡೆ, ಬಾಲ ಯಾವ ಕಡೆ ಎಂದು ಕಾಣುತ್ತದೆ. ಇದು ಸಣ್ಣ ಸಂಗತಿಯಲ್ಲ. ಮೂತಿ ನಮ್ಮತ್ತ ತಿರುಗಿದಾಗ ಎಡ-ಬಲ ಅದಲುಬದಲಾಗುತ್ತದೆ, ಹೊಸಬರ ಹೆಲಿ ನೆಲ ಕಚ್ಚುವುದು ಹೆಚ್ಚಾಗಿ ಆ ಗಲಿಬಿಲಿಯಲ್ಲೇ. ಮೋಟರ್ ಕೈಕೊಟ್ಟಾಗ ಬ್ಲೇಡುಗಳನ್ನು ಋಣ ಓರೆಗೆ ತಂದು, ಇಳಿಯುವಾಗಿನ ಗಾಳಿಯಿಂದಲೇ ರೋಟರ್ ತಿರುಗಿಸಿಕೊಂಡು ನೆಲಕ್ಕಿಳಿಸುವ ವಿದ್ಯೆಗೆ ಆಟೊರೊಟೇಶನ್ ಎನ್ನುತ್ತಾರೆ. ಭಾರದ ಬ್ಲೇಡುಗಳಲ್ಲಿ ವೇಗ ಹೆಚ್ಚು ಹೊತ್ತು ಉಳಿಯುವುದರಿಂದ ಅದೂ ದೊಡ್ಡದರಲ್ಲೇ ಸುಲಭ. ಅನುಭವಿಗಳು ಹೊಸಬರಿಗೆ ‘ನೇರ 600ಕ್ಕೇ ಹೋಗಿ’ ಅನ್ನುವುದು ಇದೇ ಕಾರಣಕ್ಕೆ. ಆ ಸಲಹೆ ಹೆಲಿ ಮೇಲಿರುವವರೆಗೆ ಸರಿ.

ಬಿದ್ದಾಗಿನ ಲೆಕ್ಕ ಬೇರೆ. ಒಂದಾಳೆತ್ತರದಿಂದ ಪಕ್ಕಕ್ಕೆ ವಾಲಿ ಬಿದ್ದ ಹೆಲಿಯನ್ನು ಮೇಜಿನ ಮೇಲಿಟ್ಟು ಬಿಚ್ಚಿದರೆ ಹೀಗಿರುತ್ತದೆ. ಬ್ಲೇಡುಗಳು ಸೀಳಿವೆ, ಒಂದೇ ಸೀಳಿದ್ದರೂ ಜೋಡಿಯಾಗಿಯೇ ಬದಲಿಸಬೇಕು, ಇಲ್ಲದಿದ್ದರೆ ಎರಡರ ತೂಕ ಹೊಂದದೆ ಇಡೀ ಹೆಲಿ ನಡುಗುತ್ತದೆ. ಬಾಗಿದ ಬ್ಲೇಡು ಬಡಿದು ಬಾಲದ ಕೊಳವೆ ನಜ್ಜಾಗಿದೆ. ಮುಖ್ಯ ಶಾಫ್ಟ್ ಕಣ್ಣಿಗೆ ನೆಟ್ಟಗೇ ಕಾಣುತ್ತದೆ, ಆದರೆ ಗಾಜಿನ ಹಲಗೆಯ ಮೇಲೆ ಉರುಳಿಸಿದಾಗ ಕುಂಟುತ್ತದೆ. ಬ್ಲೇಡುಗಳನ್ನು ಹಿಡಿದ ಫೆದರಿಂಗ್ ಶಾಫ್ಟ್ ಅದಕ್ಕಿಂತ ಮೊದಲೇ ಬಾಗಿರುತ್ತದೆ. ದೊಡ್ಡ ಗೇರಿನ ಮೂರ್ನಾಲ್ಕು ಹಲ್ಲು ಸವರಿಹೋಗಿವೆ. ಸರ್ವೋ ತೋಳನ್ನು ಬೆರಳಿನಿಂದ ಮೆಲ್ಲಗೆ ತಿರುಗಿಸಿದರೆ ಒಂದು ಕಡೆ ಕಟಕ್ ಎನ್ನುತ್ತದೆ, ಒಳಗಿನ ಗೇರೂ ಹೋಯಿತು ಅಂತ ಅರ್ಥ. ಯಾವ ಗಾತ್ರದ ಹೆಲಿಯಾದರೂ ಮುರಿಯುವ ಪಟ್ಟಿ ಸುಮಾರು ಇದೇ. 450ರಲ್ಲಿ ಇದು ತಿಂಗಳ ಹೋಟೆಲ್ ಖರ್ಚಿನಷ್ಟು. 700ರಲ್ಲಿ ಸ್ಮಾರ್ಟ್‌ಫೋನ್ ಒಂದರ ಬೆಲೆಗೆ ಬಂದು ನಿಂತೀತು. ಒಂದೇ ಸಲಕ್ಕೆ ಮುಗಿಯುವ ಖರ್ಚೂ ಅಲ್ಲ, ಕಲಿಯುವವರ ಹೆಲಿ ಮತ್ತೆ ಬೀಳುತ್ತದೆ.

ಬಿಡಿಭಾಗ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ ಆಗ ಏಳುತ್ತದೆ. ಅಲೈನ್ ತೈವಾನಿನದು, ಗೋಬ್ಲಿನ್ ಹೆಲಿಗಳು ಇಟಲಿಯವು, ಲೋಗೋ ಹೆಲಿಗಳು ಜರ್ಮನಿಯವು, ಈಚಿನ ಕೈಗೆಟುಕುವ ಮಾದರಿಗಳು ಹೆಚ್ಚಾಗಿ ಚೀನಾದವು. 2022ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಡ್ರೋನ್‌ಗಳನ್ನು ಪೂರ್ಣ ರೂಪದಲ್ಲಾಗಲಿ, ಕಿಟ್ ರೂಪದಲ್ಲಾಗಲಿ ಆಮದು ಮಾಡಿಕೊಳ್ಳುವುದನ್ನು ನಿಷೇಧಿಸಿತು, ಬಿಡಿಭಾಗಗಳಿಗೆ ಅವಕಾಶ ಉಳಿಸಿತು. ಕಾನೂನಿನ ಕಣ್ಣಲ್ಲಿ ರಿಮೋಟ್ ಹೆಲಿಯೂ ಡ್ರೋನೇ. ಹಾಗಾಗಿ ವಿದೇಶಿ ತಾಣದಲ್ಲಿ ಚಂದ ಕಂಡದ್ದನ್ನು ತರಿಸಲು ಹೋಗಿ ಕಸ್ಟಮ್ಸ್‌ನಲ್ಲಿ ಸಿಕ್ಕಿಕೊಳ್ಳುವುದಕ್ಕಿಂತ, ಇಲ್ಲಿನ ಹಾಬಿ ಅಂಗಡಿಯಲ್ಲಿ ಯಾವ ಮಾದರಿಯ ಶಾಫ್ಟು, ಗೇರು, ಬ್ಲೇಡು ಕಪಾಟಿನಲ್ಲಿ ನೇತಾಡುತ್ತಿವೆ ಎಂದು ನೋಡಿ ಅದೇ ಮಾದರಿ ಕೊಳ್ಳುವುದು ಜಾಣತನ. ಹಳೆಯದನ್ನು ಕೊಳ್ಳುವುದೂ ತಪ್ಪಲ್ಲ. ಮಾರುವವರು ಎದುರಿಗೇ ಹಾರಿಸಿ ತೋರಿಸಲಿ, ಬ್ಯಾಟರಿಗಳನ್ನು ಮಾತ್ರ ಅವರ ಬಳಿಯೇ ಬಿಟ್ಟುಬನ್ನಿ. ಉಬ್ಬಿದ ಲಿಥಿಯಂ ಪಾಲಿಮರ್ ಬ್ಯಾಟರಿ ಪುಕ್ಕಟೆ ಸಿಕ್ಕರೂ ದುಬಾರಿ.

ಬ್ಯಾಟರಿಯ ಖರ್ಚನ್ನು ಹೊಸಬರು ಲೆಕ್ಕಕ್ಕೇ ಹಿಡಿಯುವುದಿಲ್ಲ. 450ಕ್ಕೆ ಮೂರು ಸೆಲ್ಲಿನ, 2200 ಎಂಎಎಚ್ ಬ್ಯಾಟರಿ ಸಾಕು. ಸಾಧಾರಣ 50 ವಾಟ್ ಚಾರ್ಜರ್ ಅರ್ಧ ಗಂಟೆಯ ಆಚೀಚೆ ಅದನ್ನು ತುಂಬಿಸುತ್ತದೆ. 700ಕ್ಕೆ ಆರು ಸೆಲ್ಲಿನ 5000 ಎಂಎಎಚ್ ಬ್ಯಾಟರಿಗಳು ಎರಡು ಬೇಕು. ಅದೇ ಚಾರ್ಜರ್‌ಗೆ ಹಚ್ಚಿದರೆ ಒಂದೊಂದಕ್ಕೂ ಎರಡು ಗಂಟೆ ದಾಟುತ್ತದೆ, ಹಾರಾಟ ಮುಗಿಯುವುದು ಐದಾರು ನಿಮಿಷದಲ್ಲಿ. ದೊಡ್ಡ ಹೆಲಿ ಎಂದರೆ ದೊಡ್ಡ ಚಾರ್ಜರ್, ಅದಕ್ಕೆ ತಕ್ಕ ಪವರ್ ಸಪ್ಲೈ, ಮತ್ತು ಚಾರ್ಜ್ ಆಗುವಷ್ಟು ಹೊತ್ತು ಪಕ್ಕದಲ್ಲಿ ಕೂರುವ ವ್ಯವಧಾನ. ಈ ಬ್ಯಾಟರಿ ಕೆಟ್ಟರೆ ಬೆಂಕಿ ಹತ್ತಬಹುದು. ರಾತ್ರಿ ಚಾರ್ಜಿಗೆ ಹಾಕಿ ಮಲಗುವ ಮೊಬೈಲ್ ಅಭ್ಯಾಸ ಇಲ್ಲಿ ಸಲ್ಲ. ಹಾರಾಟವಿಲ್ಲದ ದಿನಗಳಲ್ಲಿ ಪ್ರತಿ ಸೆಲ್ಲನ್ನೂ ಸುಮಾರು 3.8 ವೋಲ್ಟಿನಲ್ಲಿ ಇಡಬೇಕು, ತುಂಬಿ ಇಟ್ಟರೆ ಬೇಗ ಹಾಳಾಗುತ್ತದೆ.

ಹಣದ ಮಾತಿಗಿಂತ ದೊಡ್ಡದು ಅಪಾಯದ ಮಾತು. 700ರ ರೋಟರ್ ಅಗಲ ಸುಮಾರು 1.58 ಮೀಟರ್. ನಿಮಿಷಕ್ಕೆ 2000 ಸುತ್ತು ತಿರುಗಿದರೆ ಬ್ಲೇಡಿನ ತುದಿ ಗಂಟೆಗೆ 600 ಕಿ.ಮೀ. ಹತ್ತಿರ ಓಡುತ್ತಿರುತ್ತದೆ. ಆ ತುದಿ ಕಾರ್ಬನ್ ಫೈಬರ್‌ನದು. 2013ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಪಾರ್ಕೊಂದರಲ್ಲಿ 19 ವರ್ಷದ ತರುಣನೊಬ್ಬ ತಾನೇ ಹಾರಿಸುತ್ತಿದ್ದ ದೊಡ್ಡ ಹೆಲಿ ಬಡಿದು ಸ್ಥಳದಲ್ಲೇ ತೀರಿಕೊಂಡ. ಅವನು ಹೊಸಬನೂ ಆಗಿರಲಿಲ್ಲ. 450 ಕೂಡ ಬೆರಳು ಕತ್ತರಿಸಬಲ್ಲದು, ಕಣ್ಣು ಕಳೆಯಬಲ್ಲದು, ಅದನ್ನು ಆಟಿಕೆ ಎಂದು ಮಕ್ಕಳ ಕೈಗೆ ಕೊಡುವುದು ಸಲ್ಲದು. ಟ್ರಾನ್ಸ್‌ಮಿಟರಿನಲ್ಲಿ ‘ಥ್ರಾಟಲ್ ಹೋಲ್ಡ್’ ಎಂಬ ಸ್ವಿಚ್ ಇರುತ್ತದೆ, ಹಾಕಿದೊಡನೆ ಮೋಟರ್ ನಿಲ್ಲುತ್ತದೆ. ಬ್ಯಾಟರಿ ಜೋಡಿಸುವ ಮೊದಲು, ಹೆಲಿಯ ಹತ್ತಿರ ಹೋಗುವಾಗ, ಬೀಳುತ್ತಿದೆ ಎಂದು ಖಾತ್ರಿಯಾದ ಕ್ಷಣದಲ್ಲಿ ಬೆರಳು ತಾನಾಗಿ ಅದರ ಮೇಲೆ ಹೋಗಬೇಕು. ಹಾರಿಸುವುದಕ್ಕಿಂತ ಮೊದಲು ಕಲಿಯಬೇಕಾದದ್ದು ಇದನ್ನು.

ಬಯಲಿನ ಪ್ರಶ್ನೆಯೂ ಗಾತ್ರವನ್ನು ತೀರ್ಮಾನಿಸುತ್ತದೆ. ನಮ್ಮೂರುಗಳಲ್ಲಿ ಭಾನುವಾರ ಕ್ರಿಕೆಟ್ ಇಲ್ಲದ ಮೈದಾನ ಹುಡುಕುವುದು ದೇವರನ್ನು ಹುಡುಕಿದಷ್ಟೇ ಕಷ್ಟ. ಬೆಳಗಿನ ಜಾವ ಗಾಳಿಯೂ ಕಡಿಮೆ, ಆಟಗಾರರೂ ಎದ್ದಿರುವುದಿಲ್ಲ. 450ಕ್ಕೆ ಆ ಹೊತ್ತಿನ ಶಾಲಾ ಮೈದಾನ ಸಾಕಾದೀತು. 600 ದಾಟಿದ್ದಕ್ಕೆ ಊರಾಚೆಯ ಜಮೀನೇ ಬೇಕು. ಅಲ್ಲಿಗೆ ಒಯ್ಯಲು ಬೈಕ್ ಸಾಲದು, ಕಾರೂ ಬೇಕು.

ಕಾನೂನೂ ಇದೆ. 2021ರ ಡ್ರೋನ್ ನಿಯಮಗಳು ಪೈಲಟ್ ನೆಲದ ಮೇಲಿಂದ ನಡೆಸುವ ಇಂಥ ಹವ್ಯಾಸದ ಹೆಲಿಗಳಿಗೂ ಅನ್ವಯ. 250 ಗ್ರಾಂ ದಾಟಿ ಎರಡು ಕಿಲೋವರೆಗಿನವು ‘ಮೈಕ್ರೋ’, ಅದರಾಚೆ 25 ಕಿಲೋವರೆಗೆ ‘ಸ್ಮಾಲ್’. ಹಣಕ್ಕಲ್ಲದೆ ಹವ್ಯಾಸಕ್ಕಾಗಿ ಮೈಕ್ರೋ ಹಾರಿಸುವವರಿಗೆ ಪೈಲಟ್ ಪ್ರಮಾಣಪತ್ರದಿಂದ ವಿನಾಯಿತಿ ಇದೆ, ಎರಡು ಕಿಲೋ ದಾಟಿದರೆ ಆ ವಿನಾಯಿತಿ ಇಲ್ಲ. ಸರ್ಕಾರದ ಡ್ರೋನ್ ನಕ್ಷೆಯಲ್ಲಿ ಹಸಿರು ವಲಯ ಎಂದು ಗುರುತಿಸಿದಲ್ಲಿ 400 ಅಡಿ ಎತ್ತರದವರೆಗೆ, ವಿಮಾನ ನಿಲ್ದಾಣದಿಂದ 8ರಿಂದ 12 ಕಿ.ಮೀ. ಅಂತರದಲ್ಲಿ 200 ಅಡಿಯವರೆಗೆ ಮಾತ್ರ ಅನುಮತಿ ಕೇಳದೆ ಹಾರಿಸಬಹುದು. ದೇವನಹಳ್ಳಿ, ಯಲಹಂಕ, ಜಕ್ಕೂರು, ಎಚ್‌ಎಎಲ್ ವಿಮಾನ ನೆಲೆಗಳನ್ನೆಲ್ಲ ಮಗ್ಗುಲಲ್ಲಿಟ್ಟುಕೊಂಡ ಬೆಂಗಳೂರಿಗರು ಹೆಲಿ ಕೊಳ್ಳುವ ಮೊದಲೇ ಆ ನಕ್ಷೆ ನೋಡಬೇಕು.

ಇಷ್ಟೆಲ್ಲ ತೂಗಿ ನೋಡಿದರೆ ನನ್ನ ಒಲವು 450 ಮತ್ತು 500ರ ನಡುವೆ, ಎರಡು ಕಿಲೋದೊಳಗೆ, ರೆಸ್ಕ್ಯೂ ಇರುವ ಗೈರೋದೊಂದಿಗೆ. ಗಾಳಿಗೆ ತೀರಾ ಬೆದರುವಷ್ಟು ಚಿಕ್ಕದಲ್ಲ, ಬಿದ್ದರೆ ಹವ್ಯಾಸವನ್ನೇ ಬಿಡಿಸುವಷ್ಟು ದೊಡ್ಡದೂ ಅಲ್ಲ. ಕೈಯಲ್ಲಿ ಹಣ ಹೆಚ್ಚಿದ್ದರೆ ಹೆಲಿಯ ಗಾತ್ರಕ್ಕೆ ಸುರಿಯದೆ ಒಳ್ಳೆಯ ಟ್ರಾನ್ಸ್‌ಮಿಟರಿಗೆ ಹಾಕಿ. ಹೆಲಿ ಬರುತ್ತದೆ, ಹೋಗುತ್ತದೆ. ಟ್ರಾನ್ಸ್‌ಮಿಟರ್ ವರ್ಷಗಟ್ಟಲೆ ಉಳಿಯುತ್ತದೆ, ನಾಳೆ 700 ಕೊಂಡರೂ ಅದೇ ಸಾಕು. ಅದನ್ನೇ ಕಂಪ್ಯೂಟರಿಗೆ ಜೋಡಿಸಿ ರಿಯಲ್‌ಫ್ಲೈಟ್‌ನಂಥ ಸಿಮ್ಯುಲೇಟರಿನಲ್ಲಿ ದಿನವೂ ಸ್ವಲ್ಪ ಹೊತ್ತು ಹಾರಿಸಿ. ಮೊದಲು ಬಾಲ ನಮ್ಮತ್ತ ಇಟ್ಟು ನಿಲ್ಲಿಸುವುದು, ಆಮೇಲೆ ಎಡ ಮಗ್ಗುಲು, ಬಲ ಮಗ್ಗುಲು, ಕೊನೆಗೆ ಮೂತಿ ನಮ್ಮತ್ತ. ಮೂತಿ ಎದುರಿಟ್ಟು ನಿಲ್ಲಿಸಲು ಬರುವವರೆಗೆ ಬಯಲಿಗೆ ಹೋಗುವ ಆತುರ ಬೇಡ.

ಡಬ್ಬಿ ತರುವ ದಿನವೇ ಜೊತೆಗೆ ಒಂದು ಜೋಡಿ ಬ್ಲೇಡು, ಎರಡು ಫೆದರಿಂಗ್ ಶಾಫ್ಟು, ಒಂದು ಮುಖ್ಯ ಶಾಫ್ಟು, ಒಂದು ದೊಡ್ಡ ಗೇರು, ಸ್ಕ್ರೂ ಸಡಿಲವಾಗದಂತೆ ಹಚ್ಚುವ ನೀಲಿ ಲಾಕ್‌ಟೈಟ್ ತನ್ನಿ. ಅಡ್ಡಡ್ಡ ಕಡ್ಡಿಗಳ ತುದಿಗೆ ಚೆಂಡು ಸಿಕ್ಕಿಸಿದ ಟ್ರೇನಿಂಗ್ ಗೇರ್ ಸಿಕ್ಕರೆ ಅದನ್ನೂ ಕಾಲಿಗೆ ಕಟ್ಟಿ. ನೋಡಲು ಚೆನ್ನಾಗಿರುವುದಿಲ್ಲ, ಪಕ್ಕಕ್ಕೆ ಉರುಳುವುದನ್ನು ತಪ್ಪಿಸುತ್ತದೆ. ಸರ್ವೋಗಳನ್ನು ಹೊಂದಿಸುವಾಗ ಬ್ಲೇಡುಗಳನ್ನು ಕಳಚಿಟ್ಟಿರಿ, ಮೋಟರಿನ ವೈರ್‌ಗಳನ್ನೂ ಬಿಚ್ಚಿಡಿ. ಮೊದಲ ಹಾರಾಟಕ್ಕೆ ಹತ್ತಿರದಲ್ಲಿ ಪಳಗಿದವರು ಯಾರಾದರೂ ಇದ್ದರೆ ಅವರ ಕೈಗೇ ಕೊಡಿ. ಬ್ಲೇಡುಗಳು ಒಂದೇ ಮಟ್ಟದಲ್ಲಿ ಸುತ್ತುತ್ತಿವೆಯೇ, ಬಾಲ ಅಲುಗುತ್ತಿದೆಯೇ ಎಂದು ಅವರು ಎರಡೇ ನಿಮಿಷದಲ್ಲಿ ಹೇಳಿಬಿಡುತ್ತಾರೆ.