ಮಗಳಿಗಿ ಸಾಲಿಗಿ ಹಚ್ರಿ

ಭಾನುವಾರ ಬಂದರೆ ನಾವು ನಾಲ್ಕು ಜನ ಬೆಂಗಳೂರಿನ ಹೊರವಲಯದ ಕಟ್ಟಡ ಕಾರ್ಮಿಕರ ಶೆಡ್ಡುಗಳಿಗೆ ಹೋಗುತ್ತೇವೆ. ರಾಯಚೂರು, ಯಾದಗಿರಿ ಕಡೆಯಿಂದ ಗುಳೆ ಬಂದ ಕುಟುಂಬಗಳು. ಮೊದಮೊದಲು ಅಕ್ಕಿ, ಬೇಳೆ, ಸೋರುವ ಸೂರಿಗೆ ಟಾರ್ಪಾಲು ಕೊಟ್ಟು ಬರುತ್ತಿದ್ದೆವು. “ಅಕ್ಕಿ ಹ್ಯಾಂಗರೆ ಆಗ್ತದ್ರಿ ಅಕ್ಕಾ, ಮಗಳಿಗಿ ಸಾಲಿಗಿ ಹಚ್ರಿ” ಎಂದಳು ಒಬ್ಬ ತಾಯಿ. ಅಂದಿನಿಂದ ನಮ್ಮ ಕೆಲಸದ ದಿಕ್ಕೇ ಬದಲಾಯಿತು.

2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ, ವಯಸ್ಸಿನ ದಾಖಲೆ ಇಲ್ಲವೆಂದು 6ರಿಂದ 14 ವರ್ಷದ ಮಗುವಿಗೆ ಪ್ರವೇಶ ನಿರಾಕರಿಸುವಂತಿಲ್ಲ. ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು. ಸರ್ಕಾರಿ ಶಾಲೆಯಲ್ಲಿ ಮಧ್ಯಾಹ್ನದ ಬಿಸಿಯೂಟವೂ ಉಂಟು. ಇದು ಆ ತಾಯಂದಿರಿಗೆ ಗೊತ್ತಿಲ್ಲ. ತಿಳಿಸಿ, ಜೊತೆಗೆ ಹೋಗಿ ಅರ್ಜಿ ತುಂಬುವುದೇ ನಮ್ಮ ಸೇವೆ.

ನಿಮ್ಮ ಬೀದಿಯಲ್ಲೂ ಮನೆ ಕಟ್ಟುತ್ತಿರಬಹುದು. ಅಲ್ಲಿರುವ ಮಗುವಿನ ತಾಯಿಯನ್ನು ಮಾತಾಡಿಸಿ. ಹತ್ತಿರದ ಶಾಲೆಯವರೆಗೆ ಅವಳ ಜೊತೆ ನಡೆಯಿರಿ.